ಆಲಿಕೆ

ಗ್ರಿಮ್ಸ್‌ಬಿಯ ಭಾನುವಾರದ ಸಂತೆಯಲ್ಲಿ
ಹಳೆ ಬೂಟು, ತುಕ್ಕು ಹಿಡಿದ ಕೊಕ್ಕೆಗಳ ನಡುವೆ
ಐದು ಪೌಂಡಿಗೆ ಸಿಕ್ಕಿತು ಈ ಹೆಡ್‌ಫೋನು,
ಒಡೆದು ಮಾರಿದ ಯಾವುದೋ ಹಡಗಿನ ಇಂಜಿನ್ ಕೋಣೆಯದು.
ಕಪ್ಪು ರಬ್ಬರು, ಒಳಗಿನ್ನೂ ಡೀಸೆಲ್ ವಾಸನೆ.
ಬ್ಯಾಟರಿ ಬೇಡ ಇದಕ್ಕೆ, ಎಂದ ಮಾರುವವ,
ಆಡುವ ಮಾತೇ ಇದರ ಕರೆಂಟು.

ನನ್ನ ಹರಳಿನ ರೇಡಿಯೋಗೂ ಬ್ಯಾಟರಿ ಇಲ್ಲ.
ಎರಡೂ ಬಡವರ ಮನೆ, ಸಂಬಂಧ ಕೂಡೀತು ಅಂದುಕೊಂಡೆ.
ಕೂಡಲಿಲ್ಲ.
ಕೊಡುವವನದು ಲಕ್ಷ ಓಮಿನ ಬಿಗಿಮುಷ್ಟಿ,
ಇಸಿದುಕೊಳ್ಳುವವಳದು ಆರುನೂರರ ತೂತು ಸೆರಗು.
ಕಿವಿಗೆ ಉಳಿದದ್ದು
ಊದುಬತ್ತಿಯ ಬೂದಿ ಉದುರಿದಷ್ಟು ಸದ್ದು.

ನಡುವೆ ಯಾರಾದರೂ ಬೇಕಿತ್ತು.

ಶಾಲೆಯೊಂದು ಕಿತ್ತೆಸೆದ ಮೈಕಿನ ಪೆಟ್ಟಿಗೆಯಿಂದ
ಬಿಚ್ಚಿ ತಂದೆ ಟ್ರಾನ್ಸ್‌ಫಾರ್ಮರು.
ಒಂದೇ ಕಬ್ಬಿಣದ ಮೈಗೆ ಎರಡು ಸುರುಳಿ,
ಒಂದನ್ನೊಂದು ಮುಟ್ಟವು, ಆದರೂ
ಇದರ ನಡುಕ ಅದಕ್ಕೆ ಗೊತ್ತು.
ಇತ್ತ ಹದಿಮೂರು ಸುತ್ತಿಗೆ ಅತ್ತ ಒಂದು.
ತಡೆಯ ಲೆಕ್ಕವೋ ಅದರ ವರ್ಗ.
ಕಾವಿದ ಕಾವಲಿಯ ಮುಂದೆ ಬಾಯಿ ತಾನಾಗಿ ಅಂದಿತು,
ಹದಿಮೂರ್ ಹದಿಮೂರ್ಲೆ ನೂರರವತ್ತೊಂಬತ್ತು.
ದೋಸೆ ಸೀದಿತು. ಮಗ್ಗಿ ತಪ್ಪಲಿಲ್ಲ.

ಪೆಟ್ಟಿಗೆ ಕೊಟ್ಟವನು ಪಕ್ಕದ ಮನೆಯ ನೆವಿಲ್ ಮಾಲ್ಟ್‌ಬಿ,
ಡಾಮಿನೋ ಬಿಲ್ಲೆಗಳನ್ನು ಕಾಲುಚೀಲಕ್ಕೆ ಸುರಿದು.
ಜಾರುವ ಮುಚ್ಚಳ, ಮೂಲೆಯಲ್ಲಿ ಬಿಯರಿನ ಕಲೆ.
ಮೂವತ್ತೊಂದು ವರ್ಷ ಟ್ರಾಲರಿನ ಇಂಜಿನ್ ಕಾದವನು.
ಅವನ ಕಿವಿಯ ನಕ್ಷೆ ಬರೆದವಳು ನಾನೇ,
ಆಸ್ಪತ್ರೆಯ ಗಾಜಿನ ಗೂಡಿನಾಚೆ ಕೂತು,
ಕೇಳಿಸಿದಾಗ ಗುಂಡಿ ಒತ್ತಿ, ಎನ್ನುತ್ತಾ.
ಎರಡು ಸಾವಿರ ಹರ್ಟ್ಸ್ ದಾಟಿದ್ದೇ ಗೆರೆ
ಬಂಡೆಯಂಚಿನಿಂದ ಬಿದ್ದಂತೆ ಬಿತ್ತು.
ನಾವು ಕೊಟ್ಟ ಯಂತ್ರಗಳನ್ನು
ಬ್ರೆಡ್ಡಿನ ಡಬ್ಬಿಯಲ್ಲಿ ಇಟ್ಟಿದ್ದಾನೆ. ಒಣಗಿರಲಿ ಅಂತ.

ಏನಿದು, ಎಂದ.
ಗದಗಿನ ಸೀಮೆಎಣ್ಣೆ ಡಿಪೋ ನೆನಪಾಯಿತು:
ಈರಮ್ಮ ಬಾಟಲಿಯ ಸಣ್ಣ ಬಾಯಿಗೆ ಇಡುತ್ತಿದ್ದ ತಗಡಿನ ಗಂಟಲು,
ಹನಿ ಹೊರಗೆ ಹೋದರೆ ಬೈಗುಳ.
ಅಂಥದ್ದೇ ಇದು, ಎಂದೆ. ನಮ್ಮ ಕಡೆ ಲಾಳಿಕಿ,
ಪುಸ್ತಕದಲ್ಲಿ ಆಲಿಕೆ.
ಆಲಿಸುವುದಕ್ಕೂ ಅದಕ್ಕೂ ನಂಟುಂಟೋ ಏನೋ,
ನಾನು ವ್ಯಾಕರಣದವಳಲ್ಲ.

ಮೊದಲ ಬೆಸುಗೆ ತಪ್ಪಿತು, ಹಿಂದುಮುಂದಾಗಿ.
ಎರಡನೆಯದು ಹೆಬ್ಬೆರಳು ಸುಟ್ಟಿತು.
ಆರು ತಂತಿ, ಆರು ಮನೆಯ ತಿರುಗುಗುಂಡಿ,
ಬಿಳಿ ಬಣ್ಣದಲ್ಲಿ ೧, ೨, ೩ ಎಂದು ಬರೆದೆ.
ನೆವಿಲ್ ಕನ್ನಡಕ ಏರಿಸಿ ಬಗ್ಗಿದ.
೪ ನೋಡಿ, ಇದು ಹಗ್ಗದ ಗಂಟು, ಎಂದ,
ಕೈ ಹೆಪ್ಪುಗಟ್ಟಿದಾಗಲೂ ನಾವು ಹಾಕುತ್ತಿದ್ದದ್ದು.

ರಾತ್ರಿ ಹತ್ತು. ಬಟ್ಟೆ ಒಣಹಾಕುವ ತಂತಿಯೇ ಏರಿಯಲ್.
ಹೆಡ್‌ಫೋನು ಅವನ ತಲೆಗೇ ಹಾಕಿದೆ.
ಒಂದು. ಅಲ್ಲಾಡಲಿಲ್ಲ.
ಎರಡು, ಮೂರು. ಕಿಟಕಿಯಾಚೆ ನೋಡುತ್ತಿದ್ದ.
ನಾಲ್ಕಕ್ಕೆ ತಿರುಗಿಸಿದೆ.
ಒತ್ತಲು ಗುಂಡಿ ಇಲ್ಲದ್ದಕ್ಕೆ
ಬೆರಳೆತ್ತಿದ.

ಹೆಂಗಸು, ಎಂದ. ಸ್ಪೇನಿನವಳು. ಮೀನಿನ ಬೆಲೆ ಓದುತ್ತಿದ್ದಾಳೆ.
ಸ್ಪ್ಯಾನಿಷ್ ಬರುತ್ತದೆಯೇ, ಎಂದೆ.
ಇಲ್ಲ. ಬೆಲೆ ಇಳಿದಾಗ ದನಿ ಹೀಗೇ ಇರುತ್ತದೆ.

ಅಷ್ಟರಲ್ಲಿ ಅವಳು ಕರಗಿಹೋದಳು, ಏನೋ ಹಾಡು ಬಂತು.
ಅವನು ತೆಗೆದು ನನ್ನತ್ತ ಚಾಚಿದ,
ರಬ್ಬರು ಬೆಚ್ಚಗಿತ್ತು.

ನಡುರಾತ್ರಿ ಒಬ್ಬಳೇ ಕೂತು ಐದಕ್ಕೆ, ಆರಕ್ಕೆ ತಿರುಗಿಸಿ ನೋಡಿದೆ.
ನನ್ನ ಕಿವಿಗೆ ಐದೇ ಹಿತ.
ಆದರೂ ಮಲಗುವ ಮುಂಚೆ
ಗಂಟಿಗೆ ತಂದಿಟ್ಟೆ.