ರಸಮಟ್ಟ

ಮೇ ಒಂದು ಶುಕ್ರವಾರ ಬಿತ್ತು.
ಶನಿವಾರಕ್ಕೆ ಗಾರ್ಮೆಂಟ್ಸಿನಲ್ಲಿ
ಸೂಪರ್‌ವೈಸರ್ ಮುಖ ನೋಡದೆ ರಜೆಚೀಟಿ ಇಟ್ಟು ಬಂದೆ.
ಭಾನುವಾರ ಹೇಗೂ ನಮ್ಮದೇ.

ಆರು ತಿಂಗಳು, ರಾತ್ರಿ ಹೊತ್ತು,
ದಸ್ತಗೀರಣ್ಣನ ಶೆಡ್ಡಿನಲ್ಲಿ ತೀರ್ಥೇಶ ಬೆಸೆದದ್ದು:
ಅಡಿಗೆ ಗುಜರಿ ಗಾಡಿಯ ಆಕ್ಸಲ್ಲು,
ಕಿಟಕಿಗೆ ಹಳೇ ಸರ್ಕಾರಿ ಬಸ್ಸಿನ ಗಾಜು,
‘ಕೈ, ತಲೆ ಹೊರಗೆ ಹಾಕಬೇಡಿ’ ಇನ್ನೂ ಅಳಿಸಿಲ್ಲ.
ಪರದೆ ನನ್ನದು, ರಿಜೆಕ್ಟಾದ ಅಂಗಿಗಳ ಬೆನ್ನು.
ಇಂಚರ ಇಟ್ಟ ಹೆಸರು ಬೆಂಕಿಪೊಟ್ಟಣ.
ಒಳಗೆ ಮಲಗಿದರೆ ನಾವು ಕಡ್ಡಿಗಳೇ,
ಒಬ್ಬರು ಮಗ್ಗುಲಾದರೆ ಮೂವರೂ ಆಗಬೇಕು.

ಓಮ್ನಿಯ ಬೆನ್ನಿಗೆ ಕಟ್ಟಿಕೊಂಡು ಹೊರಟೆವು.
ಆನಂದಪುರದ ಟೀ ಅಂಗಡಿಯಲ್ಲಿ ಒಬ್ಬ
ಐಸ್‌ಕ್ರೀಮ್ ಗಾಡಿಯಾ ಎಂದ.
ಇನ್ನೊಬ್ಬ ಕೋಳಿಮರಿ ಎಷ್ಟಕ್ಕೆ ಕೊಡ್ತೀರಿ ಎಂದ.

ಸಾಗರ ದಾಟಿ, ಟಾರು ಮುಗಿದು,
ಶರಾವತಿಯ ಹಿನ್ನೀರು ಇನ್ನೂ ಹಿಂದಕ್ಕೆ ಹೋದ ಜಾಗ.
ಇದಕ್ಕೆ ಮಲೆನಾಡು ಎಂದವರು
ಮೇ ತಿಂಗಳಲ್ಲಿ ಇಲ್ಲಿ ನಿಂತಿರಲಿಕ್ಕಿಲ್ಲ.
ಕಣ್ಣು ಹೋದಷ್ಟೂ ಬಿರುಕುಬಿಟ್ಟ ಕೆಸರು, ಸೀದ ರೊಟ್ಟಿಯ ಬಣ್ಣ,
ಅರವತ್ತು ವರ್ಷದಿಂದ ಸಾಯುತ್ತಲೇ ಇರುವ ಬೊಡ್ಡೆಗಳು.
ನೆರಳೆಂದರೆ ನಾವು ಎಳೆದು ತಂದದ್ದಷ್ಟೇ.
ಅಣೆಕಟ್ಟಿನ ಹೊಟ್ಟೆಯೊಳಕ್ಕೆ
ತುಂಗೆಯ ನೀರು, ನಲವತ್ತು ಲೀಟರು, ಕ್ಯಾನಿನಲ್ಲಿ!

ತೀರ್ಥೇಶನಿಗೆ ವಾರೆ ಎಂದರೆ ಆಗದು.
ಬಾಡಿಗೆ ಮನೆಯ ಕ್ಯಾಲೆಂಡರೂ ಅಳತೆಗೆ ನಿಲ್ಲಬೇಕು.
ರಸಮಟ್ಟ ಹಿಡಿದು ಆ ಬಯಲಲ್ಲಿ
ಉಂಗುರ ಕಳಕೊಂಡವನ ಹಾಗೆ ಬಗ್ಗಿ ಬಗ್ಗಿ ನಡೆದ.
ಎಲ್ಲಿಟ್ಟರೂ ಗುಳ್ಳೆ
ಬೈಸಿಕೊಂಡ ಮಗುವಿನಂತೆ ಮೂಲೆಗೇ ಓಡಿತು.
ಹೊತ್ತು ಇಳಿಯಿತು. ನಾನು ಬೈಯಲು ಬಾಯಿ ತೆರೆದೆ,
ಬಾಯೊಳಗೆ ಧೂಳು.
ಆಗ ಒಂದು ಕಡೆ, ಕಲ್ಲಿಲ್ಲದೆ, ಚಕ್ಕೆ ಕೊಡದೆ,
ಗುಳ್ಳೆ ಎರಡು ಗೆರೆಗಳ ನಡುವೆ ಬಂದು
ಸುಮ್ಮನೆ ಕೂತಿತು.

ರಾತ್ರಿ ಮಂಡಕ್ಕಿ, ಬೇಯಿಸಿದ ಮೊಟ್ಟೆ, ಗಾಳಿ ಹಾಕಿದ ಮಣ್ಣು.
ಇಂಚರ ನಕ್ಷತ್ರ ಎಣಿಸಲಿಲ್ಲ,
ಸಿಗ್ನಲ್ಲಿನ ಕಡ್ಡಿ ಎಣಿಸಿದಳು. ಸೊನ್ನೆ.
ದೂರದ ಗುಡ್ಡದ ಮೇಲೆ ಕರೆಂಟಿನ ಕಂಬಗಳು
ಊರೂರಿಗೆ ಬೆಳಕು ಹೊತ್ತು ಹೋಗುತ್ತಿದ್ದವು.
ನಮಗೆ ಓಮ್ನಿಯ ಬ್ಯಾಟರಿ.

ಬೆಳಿಗ್ಗೆ ಎಮ್ಮೆ ಹುಡುಕಿಕೊಂಡು ಬಂದವರು ಗುತ್ಯಪ್ಪ.
ಬೆಂಕಿಪೊಟ್ಟಣಕ್ಕೆ ಒಂದು ಸುತ್ತು ಬಂದು
ಹಿಮ್ಮಡಿಯಿಂದ ನೆಲ ಕುಟ್ಟಿದರು.
‘ನಮ್ ಕಣ ಇದು’ ಎಂದರು,
ಬಸ್‌ಸ್ಟ್ಯಾಂಡು ತೋರಿಸುವವರ ದನಿಯಲ್ಲಿ.
‘ಅಜ್ಜಿ ಬಡಿದೂ ಬಡಿದೂ ಸಮ ಮಾಡಿದ್ದು.
ಒಂದು ಕಾಳು ಉರುಳಿದ್ರೆ ಅಜ್ಜನಿಗೆ ಬಯ್ತಿತ್ತಂತೆ.’

ನಾನು ಚಾಪೆ ಎಳೆಯಲು ಬಗ್ಗಿದೆ, ಯಾಕೋ ಗೊತ್ತಿಲ್ಲ.
ಅವರು ಬೇಡ ಎಂದು ಕೈಯಾಡಿಸಿ
‘ಒಂಚೂರು ಮಲ್ಗಿ ನೋಡ್ಲಾ?’ ಎಂದರು.

ಮಲಗಿದರು. ಮೊಣಕಾಲಿಂದ ಕೆಳಗೆ ಹೊರಗೆ,
ಬಿರುಕಿನ ಪಾದ, ಬಿರುಕಿನ ನೆಲ.
ಚಾವಣಿಯ ಪುಟ್ಟ ಫ್ಯಾನು, ಕೊಕ್ಕೆ, ಬಸ್ಸಿನ ಗಾಜು,
ಒಂದೊಂದನ್ನೇ ಬೆರಳಿಂದ ಮುಟ್ಟಿದರು. ಪರದೆ ಮೂಸಿದರು.
ಎಷ್ಟು ಬಿತ್ತು ಎಂದರು. ತೀರ್ಥೇಶ ಹೇಳಿದ,
ನನಗೆ ಹೇಳಿದ್ದಕ್ಕಿಂತ ಎಂಟು ಸಾವಿರ ಜಾಸ್ತಿ.
ಆಮೇಲೆ ಎದ್ದು ಕೂತು, ಎಮ್ಮೆ ಹೋದ ದಿಕ್ಕು ನೋಡುತ್ತ,
‘ನೀರು ಬಂದ್ರೆ ತೇಲ್ತದಾ?’

ಗಾಡಿ ಎಂದರೆ ಗಂಟೆಗಟ್ಟಲೆ ಮಾತಾಡುವವನು
ರಸಮಟ್ಟವನ್ನು ಕೈಯಲ್ಲಿ ಮಗುಚಿದ, ಮತ್ತೆ ಮಗುಚಿದ.
ಗುಳ್ಳೆ ಅತ್ತ ಹೋಯಿತು, ಇತ್ತ ಬಂತು.
‘ಇಲ್ಲ’ ಎಂದ.
‘ಹಂಗಾದ್ರೆ ಗಾಡಿ ಚಲೋ ಅದೆ, ಮನೆಗೆ ಆಗೂದಿಲ್ಲ’
ಎಂದು ಗುತ್ಯಪ್ಪ ಎಮ್ಮೆಯ ಹಿಂದೆ ಹೋದರು,
ಎರಡು ಮೊಟ್ಟೆ ಜೇಬಿನಲ್ಲಿ.

ಸೋಮವಾರ ಶಿಫ್ಟು ಮುಗಿಸಿ ಬಂದರೆ
ಮನೆಯೆದುರಿನ ಮೋರಿಯ ಪಕ್ಕ, ಬೀದಿದೀಪದಡಿ,
ಬೆಂಕಿಪೊಟ್ಟಣದ ಕೆಳಗಿಂದ ಎರಡು ಕಾಲು ಚಾಚಿದ್ದವು.
ಪಕ್ಕದಲ್ಲಿ ರಬ್ಬರಿನ ಸುರುಳಿ, ಅಂಟಿನ ಡಬ್ಬ,
ಮುಗಿಯಲು ಬಂದ ಟೀ.
ಸಂದು ಸಂದಿಗೂ ಬೆರಳು ಒತ್ತಿ
ಏನನ್ನೋ ಮೆತ್ತುತ್ತಿದ್ದ.

ಎಂತ ಮಾಡ್ತಿದ್ದೀ ಎಂದು ನಾನು ಕೇಳಲಿಲ್ಲ.
ಟಾರ್ಚು ಹಿಡಿದೆ.