ಹೆಸರು ಕಳಚಿದ ಡಬ್ಬಗಳು

ರಾತ್ರಿ ಹತ್ತೂವರೆ. ಮಳವಳ್ಳಿ ಬಸ್ಸು ಡಿಪೋ ಸೇರಿ
ಟಿಕೆಟ್ ಮಿಷನ್ನು, ಚಿಲ್ಲರೆ, ಬೈಗುಳ, ಎಲ್ಲ ಲೆಕ್ಕ ಒಪ್ಪಿಸಿ
ಲಷ್ಕರ್ ಮೊಹಲ್ಲಾದ ಗಲ್ಲಿಗೆ ತಿರುಗುವಷ್ಟರಲ್ಲಿ
ಸೊಪ್ಪಿನವಳ ಮಂಕರಿ ಬೋರಲು ಮಲಗಿರುತ್ತದೆ.
ಉಳಿದ ಕೋಸಿನೆಲೆ ಹಸುವಿನ ಪಾಲು.
ನನ್ನ ಪಾಲಿಗೆ ತಗಡು.

ಮನೆಯೊಡತಿ ಅಂತೋಣಿಯಮ್ಮ ಕಲಿಸಿದ ವಿದ್ಯೆ.
ಅವರ ಗಂಡ ಮಿಲಿಟರಿ ಕ್ಯಾಂಟೀನಿನಲ್ಲಿದ್ದವರು,
ಹೋಗುವಾಗ ಬಿಟ್ಟದ್ದು ಪಿಂಚಣಿ ಪುಸ್ತಕ
ಮತ್ತು ಡಬ್ಬ ಕೊಯ್ಯುವ ಈ ಮೊಂಡು ಕತ್ತಿ.
‘ಚುಚ್ಚು, ಎತ್ತು, ಸರಿಸು. ಅವಸರ ಮಾಡಿದ್ರೆ
ತಗಡಿಗೆ ಹಲ್ಲು ಬರುತ್ತೆ, ಮಗಳೇ.’

ಬೂತಾಯಿ ಮೀನೆಂದರೆ ನನಗೆ ಪ್ರಾಣ.
ದಸರೆಯ ದಿನದ ನನ್ನ ಬಸ್ಸಿನ ಹಾಗೆ
ಒಬ್ಬರ ಬೆನ್ನಿಗೊಬ್ಬರು, ಸೀಟು ಕೇಳದವರು,
ಕೇಳಲು ತಲೆಯೂ ಇಲ್ಲದವರು.
ಆ ಎಣ್ಣೆ ಚೆಲ್ಲಬಾರದು. ಅದರಲ್ಲೇ ಈರುಳ್ಳಿ ಬಾಡಿಸಿ,
ಹುಣಸೆ ಕಿವುಚಿ, ಹುಳಿ ಕೊತಕೊತ ಅನ್ನುವಾಗ ಮೀನಿಳಿಸಿ
ನೂರು ಎಣಿಸಿ ಒಲೆ ಆರಿಸಿದರೆ
ಬೆಳಗಿನ ತಂಗಳು ಮುದ್ದೆಯೂ ಮುನಿಸು ಬಿಡುತ್ತದೆ.

ಕೆಂಪು ರಸದ ಬೀನ್ಸು ಮಾತ್ರ ಸಿಹಿ. ಯಾವ ದೇಶದ ಹಟವೋ!
ತೊಳೆದು, ಬೆಳ್ಳುಳ್ಳಿ ಜಜ್ಜಿ, ಒಣಮೆಣಸು ಮುರಿದು
ಒಗ್ಗರಣೆಯಲ್ಲಿ ಚಟಪಟ ಬೈದರೆ ಬುದ್ಧಿ ಬರುತ್ತದೆ;
ಅಕ್ಕಿರೊಟ್ಟಿಯ ಪಕ್ಕ ತೆಪ್ಪಗೆ ಕೂರುತ್ತದೆ.
ಅನಾನಸು ಓಟೆ ಕಾಸಿನಂಥ ಬಿಲ್ಲೆ. ಅದರ ಪಾಕದಲ್ಲೇ
ರವೆ ಬೇಯಿಸಿದರೆ ಕೇಸರಿಬಾತಿಗೆ ಅರ್ಧ ಸಕ್ಕರೆ ಉಳಿತಾಯ.
ಗಟ್ಟಿ ಹಾಲಿನ ಡಬ್ಬಕ್ಕೆ ಅಡುಗೆಯೇ ಬೇಡ:
ಚಮಚ, ಕತ್ತಲೆ, ಯಾರೂ ನೋಡದ ಹೊತ್ತು.

ಆ ಬೇಸಿಗೆಯಲ್ಲಿ ನಲ್ಲಿ ಪೈಪು ಒಡೆಯಿತು.
ಕಲ್ಲು ಕಪಾಟಿನ ಕೆಳಗೆ ಮೂರು ದಿನ ನೀರು.
ಕಾಗದವೆಲ್ಲ ಕಳಚಿ, ಮೀನು, ಹಣ್ಣು, ಕಾಳು
ಒಂದೇ ಬಣ್ಣದ ಗಂಜಿಯಾಗಿ ಚರಂಡಿಗೆ ಹೋದವು.
ಉಳಿದದ್ದು ಹನ್ನೊಂದು ಡಬ್ಬ,
ಜಾತಿಯಿಲ್ಲ, ತಾರೀಖಿಲ್ಲ.

ಅಂತೋಣಿಯಮ್ಮ ಡಾಕ್ಟರರಂತೆ ಬೆರಳ ಗೆಣ್ಣಿನಿಂದ ಬಡಿದು
ಕಿವಿಗೊಟ್ಟು ‘ಇದು ಹಣ್ಣು’ ಅನ್ನುವರು. ಅದು ಕಡಲೆಯಾಗಿರುವುದು.
ಉಬ್ಬಿದ್ದೊಂದನ್ನು ಮೂಸದೆ ಎಸೆದೆವು.
ಉಪವಾಸದ ಶುಕ್ರವಾರ, ಮಾಂಸ ಬಿಟ್ಟವರು,
ಆಸೆಯಿಂದ ತೆರೆದರೆ ಕುರಿ ಕೀಮ!
ಶಿಲುಬೆ ಗುರುತು ಹಾಕಿಕೊಂಡು ನನ್ನತ್ತ ತಳ್ಳಿದರು:
‘ನಿನ್ನ ಸ್ಟಾಪು ಬಂತು, ಇಳಿಸ್ಕೋ.’

ಅಷ್ಟರಲ್ಲಿ ಪಾಂಡವಪುರದ ಕಡೆಯಿಂದ ಅವ್ವ ಬಂದಳು,
ಮಡಿಲಲ್ಲಿ ಕಿರಕೀರೆ ಸೊಪ್ಪು. ಕಿತ್ತು ಮೂರು ಗಂಟೆಯಾದರೆ
ಅದನ್ನೂ ಹಳೇದು ಅನ್ನುವ ಬಾಯಿ ಅವಳದು.
‘ಇದ್ಯಾವ ವರ್ಸದ್ದವ್ವ?’
ಗೊತ್ತಿಲ್ಲ ಅಂದೆ.
‘ಒಳಗೇನೈತೆ?’
ಅದೂ ಗೊತ್ತಿಲ್ಲ.
ಅವ್ವ ಗೋಡೆ ಕಡೆ ತಿರುಗಿ ಕೂತಳು.

ಕತ್ತಿ ಊರಿದೆ. ಬೂತಾಯಿ.
ಎಣ್ಣೆ, ಈರುಳ್ಳಿ, ಹುಣಸೆ, ನೂರು ಎಣಿಕೆ.
ಅವ್ವ ಬೆರಳ ತುದಿಗೆ ತಾಗಿಸಿ, ನಾಲಿಗೆಗಿಟ್ಟು,
ಬಹಳ ಹೊತ್ತು ಚಾವಣಿ ನೋಡಿ
‘ಉಪ್ಪು ಕಮ್ಮಿ’ ಅಂದಳು.
ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಬೆಳಗಿನ ಬಸ್ಸಿಗೆ ಹೊರಟವಳ ಚೀಲದಲ್ಲಿ
ಹುಣಸೆಹಣ್ಣಲ್ಲಿ ಬೆಳಗಿ, ಅಂಚು ಕುಟ್ಟಿ ಮಣಿಸಿದ ಡಬ್ಬ.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಈಗ ಭಾನುವಾರ ಫೋನು ಮಾಡುತ್ತಾಳೆ:
‘ನೆಂಟ್ರು ಬಂದವ್ರೆ, ಆರು ಮೀನು ಅಕ್ಕಿ ಹಾಕಿವ್ನಿ.
ನಿನ್ ಡಬ್ಬ ಪಾವಿಗಿಂತ ಒಂದಿಡಿ ಜಾಸ್ತಿ ಹಿಡೀತದೆ.
ಅಚ್ಚೇರು ಅಳತೇದು ಯಾವಾಗ್ಲಾ ತೆಗೀತೀರ?’