ಮಣ್ಣು ಎಲ್ಲಿಂದು

ಎರಡು ನಿಮಿಷದ ತುಣುಕು ಅದು.
ಬೀದರದ ಚೌಬಾರದ ಹಿಂದಿನ ಓಣ್ಯಾಗ,
ತುಕಾರಾಮನ ಝೆರಾಕ್ಸ್ ಅಂಗಡ್ಯಾಗ
ಷಟರ್ ಅರ್ಧ ಇಳಿಸಿ ನೋಡಿದ್ದೆವು, ನೂರು ಸಲ:
ಸತ್ತ ಗ್ರಹ, ಅದರ ಹೊಟ್ಟ್ಯಾಗ ಒಂದು ಗಣಿ,
ಗಣಿಯ ತಳದಾಗ ಯಾರೋ ಉಸಿರು ಬಿಡೋ ಸಪ್ಪಳ.
ಅಷ್ಟೇ. ಆಮ್ಯಾಲ ಕತ್ತಲಿ.
ಆಮ್ಯಾಲ ಒಂದು ತಾರೀಖು.

ಆ ತಾರೀಖಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು.

ಹದಿನಾಲ್ಕು ತಿಂಗಳು ನಾವೇ ಅದನ್ನ ಸಾಕಿದೆವು.
ಕಿಲ್ಲಾದ ಗೋಡಿ ಮ್ಯಾಲ ಕುಂತಿದ್ದೆವು ಒಂದು ಸಂಜಿ,
ಮ್ಯಾಲ ತರಬೇತಿ ವಿಮಾನ ಗಿರಕಿ ಹೊಡೀತಿತ್ತು.
ತುಕಾರಾಮ ಅಂದ: ಅದಕ್ಕ ಮುಖ ಇರೂದಿಲ್ಲ ಬಿಡು.
ನಾ ಅಂದೆ: ಇರ್ತದ, ಆದ್ರ ನಿನ್ನದೇ.
ಮೊಯಿಜ್ ಭಾಳ ಹೊತ್ತು ಸುಮ್ಮನಿದ್ದು ಅಂದ:
ಅದು ನಿಮ್ಮವ್ವನ ದನಿಯೊಳಗ ಊಟಕ್ಕ ಕರೀತದ,
ನೀ ಹೂಂ ಅಂದಿ ಅಂದ್ರ ಮುಗೀತು.
ಅವತ್ತು ಮನಿಗೆ ಹೋದಾಗ ಅವ್ವ ಕರೆದಳು.
ನಾ ಹೂಂ ಅನ್ನಲಿಲ್ಲ.

ದುಡ್ಡಿಗಂತ ಎರಡು ಹುಕ್ಕಾ, ಒಂದು ಸುರಾಹಿ ಹೆಚ್ಚಿಗಿ ಕೆತ್ತಿದೆ,
ಬೆಳ್ಳಿ ತಂತಿ ಕೂಡಿಸಿ ಕೂಡಿಸಿ ಹೆಬ್ಬೆರಳು ಸೀಳಿತು.
ಮೊಯಿಜ್ ಪಾನ್ ಅಂಗಡ್ಯಾಗ ಉಳಿಸಿದ.
ತುಕಾರಾಮ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿಸಿದ,
ಹೆಂಡತಿಗೆ ಪ್ರಿಂಟರ್ ರಿಪೇರಿ ಅಂತ ಸುಳ್ಳು ಹೇಳಿ.
ಆಟ ಇಳಿಯಾಕ ಮೂರು ರಾತ್ರಿ.
ತೊಂಬತ್ತೆಂಟಕ್ಕ ಬಂದಾಗ ಕರೆಂಟ್ ಹೋತು.
ಖರೇ ಹೇಳ್ತೀನಿ, ಆ ಹೊತ್ತಿನಂಗ ಎದಿ
ಮುಂದ ಒಮ್ಮೆನೂ ಹೊಡ್ಕೊಳ್ಳಲಿಲ್ಲ.

ಏನಿತ್ತು ಅದರಾಗ?
ಒಂದು ಹಾದಿ. ಹಾದಿ ತುದಿಗೆ ಒಂದು ಸಂದಿ.
ಸಂದ್ಯಾಗ ಅಡ್ಡ ತೂರಿ ಮೆಲ್ಲಕ ಸರೀಬೇಕು,
ಆಚಿ ಕಡಿ ಇನ್ನೊಂದು ಹಾದಿ, ಇನ್ನೊಂದು ಸಂದಿ.
ಮ್ಯಾಲಿನ ಜಾಲರಿ ಕಿತ್ತು ಅದು ಬಿತ್ತು, ನಾವು ಚೀರಿದೆವು.
ಮುಂದಿನ ಜಾಲರಿಯಿಂದನೂ ಬಿತ್ತು.
ಮೂರನೇದಕ್ಕ ಮೊಯಿಜ್ ಅಂದ: ಬಾರಪ್ಪ, ಚಾ ಕುಡೀತಿ?
ಎಡಕ್ಕ ಬಾಗು, ಬಲಕ್ಕ ಬಾಗು, ಹೊಡಿ.
ಎಡಕ್ಕ ಬಾಗು, ಬಲಕ್ಕ ಬಾಗು.
ಆರನೇ ತಾಸಿಗೂ ಅದೇ ದೆವ್ವ, ಗಾತ್ರ ಅಷ್ಟು ದೊಡ್ಡದು,
ಬಾಯಿ ಹಳೇ ಟೈರಿನಂಗ.
ಕಡೀಕ ಹೆಸರು ಏರಿ ಬಂದವು, ಸಾವಿರಾರು ಹೆಸರು.
ಇಷ್ಟು ಮಂದಿ ಕೂಡಿ, ಅಂದ ತುಕಾರಾಮ,
ಮುಂದಿಂದು ನುಂಗಿದ.

ಒಂದು ಖೋಲಿ ಮಾತ್ರ ಇತ್ತು, ಸುಳ್ಳು ಯಾಕ ಹೇಳಲಿ.
ಗಣಿ ಮಂದಿ ಬಟ್ಟಿ ಬಿಚ್ಚಿಡೋ ಖೋಲಿ.
ಗೂಟಕ್ಕ ತೂಗಿದ ಅಂಗಿಗಳು, ಎಲ್ಲೋ ನಳ ತೊಟ್ಟಿಕ್ಕತಿತ್ತು.
ಏನೂ ಬರಲಿಲ್ಲ ಅಲ್ಲಿ.
ಅಲ್ಲೇ ನಿಂತೆವು, ಬಾಗಿಲಿಗೆ ಬೆನ್ನು ಕೊಟ್ಟು,
ಯಾರೂ ಮೌಸ್ ಮುಟ್ಟಲಿಲ್ಲ.

ಮುಂಜಾನಿ ಉಸ್ತಾದರು ಕೇಳಿದರು, ಹೆದರಿದ್ರೇನು?
ಇಲ್ರಿ, ಕಪ್ಪು ಸರಿ ಇರಲಿಲ್ಲ, ಅಂದೆ,
ಕತ್ತಲಿ ಅಂದ್ರ ಬೂದಿ ಬಣ್ಣ, ತೊಳೆದ ಪಾಟಿಯಂಗ.
ಅವರು ನಗಲಿಲ್ಲ.
ಕಿಲ್ಲಾದ ಒಳಗಿನ ಮಣ್ಣು, ಬಿಸಿಲು ಕಾಣದ್ದು, ಮಳಿ ಕಾಣದ್ದು,
ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟ್ಟು ನೋಡ್ತಿದ್ದರು.
ಉಗುಳಿ ಕೇಳಿದರು:
ಮಣ್ಣು ಎಲ್ಲಿಂದು ಹಾಕ್ಯಾರ?

ಏನಂತ ಹೇಳಲಿ.
ಸುರಾಹಿ ಕುದಿಯೋ ನೀರಾಗ ಅದ್ದಿದೆ.
ಬೂದು ಲೋಹ ಕಣ್ಣ ಮುಂದ ಕರ್ರಗಾತು,
ಬೆಳ್ಳಿ ಹೂ ಒಂದೊಂದೇ ಮ್ಯಾಲ ಬಂದವು.
ಎಣ್ಣಿ ಹಚ್ಚಿ ತಿಕ್ಕಿದಾಗ ಅದರ ಹೊಟ್ಟಿ ಮ್ಯಾಲ
ನನ್ನ ಮುಖ ಬಿತ್ತು, ಉದ್ದಾಗಿ, ಕಣ್ಣಿಲ್ಲದಂಗ.
ಹಲಗಿ ಮ್ಯಾಲ ಗೋಡಿ ಕಡಿ ತಿರುಗಿಸಿ ಇಟ್ಟೆ.

ತುಕಾರಾಮ ಆಟ ಅಳಿಸಿದ,
ಹಾಲ್ ಟಿಕೆಟ್ ಸೀಸನ್, ಜಾಗ ಬೇಕಿತ್ತು.
ಎರಡು ನಿಮಿಷದ ತುಣುಕು ಅಳಿಸಿಲ್ಲ.
ನಿನ್ನಿ ಹೋದಾಗ ಷಟರ್ ಅರ್ಧ ಇಳಿದಿತ್ತು,
ಒಳಗಿಂದ ಉಸಿರಿನ ಸಪ್ಪಳ.
ಮೊಯಿಜ್ ನನ್ನ ಹೆಸರು ಹಿಡಿದು ಕರೆದ.
ಒಂದು ಗಳಿಗಿ ಹೂಂ ಅನ್ನದೆ
ಹೊರಗೇ ನಿಂತೆ.